ಮಂಜುನಾಥನ ಪಾಲು, ಮನೆಯಾಕೆಯ ಪಾಲು

ಹಲಸಿನ ಹಪ್ಪಳದ ಉದ್ಯಮ ಮಾಡುವ ಹುಚ್ಚು ಹತ್ತಿ ಉಜಿರೆಯ ರುಡ್‌ಸೆಟ್ ತರಬೇತಿಗೆ ಸೇರಿದೆ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಎರಡು ಬ್ಯಾಂಕುಗಳನ್ನು ಜೊತೆಗೂಡಿಸಿಕೊಂಡು ಕಟ್ಟಿದ ಸಂಸ್ಥೆ; ಪಾಠ, ಊಟ, ವಸತಿ ಎಲ್ಲ ಉಚಿತ. (ಉದ್ಯಮದಲ್ಲಿ ನಾನು ಕಂಡ ಶುದ್ಧ ಲಾಭ ಅದೊಂದೇ.)

ಸ್ವಂತ ದುಡಿಮೆಗೂ ಸಂಬಳ ಬರೆದುಕೊಳ್ಳಬೇಕೆಂದು ಅಲ್ಲಿ ಕಲಿತೆ. ಮನೆಗೆ ಬಂದು ಬರೆದುಕೊಂಡೆ.

"ಕೈಗೆಲ್ಲ ಮೇಣ ಮೆತ್ತಿಕೊಂಡು ತೊಳೆ ಬಿಡಿಸುವ ನನಗೆಷ್ಟು?" ಎಂದಳು ಹೆಂಡತಿ.

"ಮೊದಲು ಮಂಜುನಾಥನ ಪಾಲು ತೆಗೆದಿಡು" ಎಂದರು ಅಮ್ಮ.

ತಿಂಗಳ ಕೊನೆಗೆ ಉಳಿದದ್ದು ಒಂದು ಡಬ್ಬಿ ಒಡಕು ಹಪ್ಪಳ. ಒಡೆದದ್ದನ್ನು ದೇವರಿಗೆ ಇಡುವಂತಿಲ್ಲ; ಹೆಂಡತಿಗೆ ಕೊಡುವ ಧೈರ್ಯವಿಲ್ಲ. ನಾನೇ ಕರಿದು ತಿಂದೆ. ಎಣ್ಣೆಯ ಖರ್ಚು ಯಾವ ಲೆಕ್ಕಕ್ಕೆ ಎಂದು ಇನ್ನೂ ಜಗಳ ನಡೆದಿದೆ.