ಹುಟ್ಟುಬಣ್ಣ

ಹುಟ್ಟುಗುಣ ಸುಟ್ಟರೂ ಹೋಗದು ಎಂದು ಗಾದೆ ಕಟ್ಟಿದವರು ಲಾರಿ ಕಂಡವರಲ್ಲ. ಗುಣ ಹೇಗೋ ಉಳಿದೀತು, ಲಾರಿಯ ಹುಟ್ಟುಬಣ್ಣ ಮೊದಲ ಆಯುಧಪೂಜೆ ದಾಟುವುದೂ ಅನುಮಾನ.

ನನಗೆ ಈ ಜ್ಞಾನ ಕೊಟ್ಟವರು ನಮ್ಮ ಭಾವ. ತೀರ್ಥಹಳ್ಳಿ ಕಡೆಯ ಅವರ ಮನೆಯ ಅಡಿಕೆ ಅಂಗಳದ ಆಚೆ, ಅವರಪ್ಪನ ಕಾಲದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಯೊಂದು ನಾಟಾ ಹೊತ್ತು ಹೊತ್ತು ಸೊಂಟ ಬಿದ್ದು ನಿಂತಿತ್ತು. ನಿವೃತ್ತಿಯಾದವರಿಗೆ ಒಂದಲ್ಲ ಒಂದು ಹುಚ್ಚು ಹತ್ತಲೇಬೇಕಲ್ಲ. ಭಾವನಿಗೆ ಇದು ಹತ್ತಿತು: ಲಾರಿ ಫ್ಯಾಕ್ಟರಿಯಿಂದ ಹೇಗೆ ಬಂದಿತ್ತೋ ಹಾಗೇ ಆಗಬೇಕು. ಎಂಜಿನ್ ಎದ್ದಿತು, ಟೈರ್ ಸಿಕ್ಕಿತು, ಕಲಾಸಿಪಾಳ್ಯದಲ್ಲಿ ಹೆಡ್‌ಲೈಟಿನ ಬಳೆ ಕೂಡ ಸಿಕ್ಕಿತು. ಸಿಗದೆ ಹೋದದ್ದು ಬಣ್ಣವೊಂದೇ.

ಲಾರಿಯ ವಯಸ್ಸಿನ ಬಗ್ಗೆ ತಕರಾರಿರಲಿಲ್ಲ. ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರವಿತ್ತು. ಟೆಲ್ಕೋ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿದ್ದು 1954ರಲ್ಲಿ. 1969ಕ್ಕೆ ಒಪ್ಪಂದ ಮುಗಿಯಿತು, ನಕ್ಷತ್ರ ಇಳಿದು ಅದರ ಜಾಗಕ್ಕೆ ‘ಟಿ’ ಅಕ್ಷರ ಬಂತು. ಅಂದಮೇಲೆ ಹುಟ್ಟಿದ್ದು ಈ ಹದಿನೈದು ವರ್ಷದ ಒಳಗೆ. ಮೈಬಣ್ಣಕ್ಕೆ ಮಾತ್ರ ಇಂಥ ಸಾಕ್ಷಿ ಇಲ್ಲ.

ಮನುಷ್ಯ ಸಾಕ್ಷಿಗಳಿಗೇನೂ ಬರವಿರಲಿಲ್ಲ. ಆ ಕಾಲದ ಕ್ಲೀನರ್ ಈಗಲೂ ಗಟ್ಟಿಮುಟ್ಟಾಗಿದ್ದಾನೆ. “ಗಿಳಿಹಸಿರು ಒಡೆಯಾ, ಕಣ್ಣಿಗೆ ಕಟ್ಟಿದಂಗೆ ಉಂಟು” ಎಂದ. ಅವನ ಎಡಗಣ್ಣಿಗೆ ಪೊರೆ ಬಂದಿದೆ. ಯಾವ ಕಣ್ಣಿಗೆ ಕಟ್ಟಿದೆ ಎಂದು ನಾವು ಕೇಳಲಿಲ್ಲ. ಊರಿನ ನಿವೃತ್ತ ಮೇಷ್ಟ್ರು ಬೂದು ಎಂದರು. ಭಾವನ ತಾಯಿ ಮದುವೆಯಾಗಿ ಬಂದ ದಿಬ್ಬಣವೇ ಆ ಲಾರಿಯಲ್ಲಿ. ಅಂದು ಯಾವ ನೆಂಟರು ಯಾವ ಬಣ್ಣದ ಸೀರೆ ಉಟ್ಟಿದ್ದರು, ಅದರ ಅಂಚು ಎಷ್ಟಗಲ, ಯಾರದ್ದು ಎರವಲು ಎಂಬುದೆಲ್ಲ ಅತ್ತೆಗೆ ಬಾಯಿಪಾಠ. ಲಾರಿಯ ಬಣ್ಣ? “ಎಂತ ಮಾರಾಯ, ನಾನು ತಲೆ ತಗ್ಗಿಸಿ ಕೂತಿದ್ದೆ.”

ಅತ್ತೆಯ ಟ್ರಂಕಿನಿಂದ ಫೋಟೋ ಒಂದು ಹೊರಬಂತು. ಕಪ್ಪು-ಬಿಳುಪು. ಸ್ಟುಡಿಯೋದವರು ಕೈಯಾರೆ ಬಣ್ಣ ತುಂಬಿದ್ದರು, ನಿಜ, ಆದರೆ ವಧುವಿನ ಸೀರೆಗೆ ಮಾತ್ರ. ಹಿಂದೆ ನಿಂತ ಲಾರಿ ಬೂದುಬೂದಾಗಿಯೇ ಉಳಿದಿತ್ತು. ಮೇಷ್ಟ್ರು “ನೋಡಿ, ನಾನು ಹೇಳಲಿಲ್ಲವೇ?” ಎಂದು ಗೆದ್ದ ಮುಖ ಮಾಡಿದರು. ಅವರು ಜ್ಞಾಪಿಸಿಕೊಂಡದ್ದು ಲಾರಿಯನ್ನಲ್ಲ, ಈ ಫೋಟೋವನ್ನು ಎಂದು ನನ್ನ ಗುಮಾನಿ. ಅಂಥ ಫೋಟೋದಲ್ಲಿ ಮಂಕು ಕೆಂಪೂ ಮಂಕು ಹಸಿರೂ ಒಂದೇ ಬೂದಿಯಲ್ಲಿ ಹೊರಳಿ ಬಂದಿರುತ್ತವೆ.

ಕೊನೆಗೆ ಶಿವಮೊಗ್ಗದಿಂದ ಪೇಂಟ್ ಮೇಸ್ತ್ರಿ ಬಂದರು. ಮಾತು ಕಡಿಮೆ, ಕೈ ನಿಧಾನ. ಬಾನೆಟ್ಟಿನ ಮೂಲೆಯಲ್ಲಿ ನಾಣ್ಯದಗಲ ಜಾಗ ಆರಿಸಿಕೊಂಡು ಮೊದಲು 400, ಆಮೇಲೆ 800, ಕೊನೆಗೆ 1500 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕಿ ಹಾಕಿ ಉಜ್ಜಿದರು. ನಡುವೆ ತಗಡು ಕಾಣುವ ಹೊತ್ತಿಗೆ ಸುತ್ತ ಬಣ್ಣದ ಪದರಗಳು ಕಡಿದ ಮರದ ಉಂಗುರಗಳಂತೆ ಎದ್ದವು. ಹೊರಗಿನದು ಹೊಸದು, ಒಳಗಿನದು ಹಳೆಯದು.

ಎಲ್ಲಕ್ಕಿಂತ ಮೇಲಿನದು ಕಂದು. ಇದಕ್ಕೊಂದು ಇತಿಹಾಸವಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ನ್ಯಾಷನಲ್ ಪರ್ಮಿಟ್ ಲಾರಿಗಳಿಗೆ ‘ಒಣಗಿದ ಎಲೆಯ ಕಂದು’ ಬಣ್ಣವನ್ನೂ ದಪ್ಪ ಬಿಳಿ ಅಂಚನ್ನೂ ವಿಧಿಸಿದವು. ಯಾವ ಎಲೆ? ಹಲಸಿನದು ಒಣಗಿದರೆ ಒಂದು ಬಣ್ಣ, ಮಾವಿನದು ಇನ್ನೊಂದು, ನಮ್ಮ ಕಡೆ ಕಾಡಿನಲ್ಲಿ ಬೀಳುವ ದರಗಿನಲ್ಲಂತೂ ನೂರೆಂಟು ಬಗೆ. ದಿಲ್ಲಿಯಲ್ಲಿ ಕೂತವರು ಯಾವ ಮರದ ಕೆಳಗೆ ಕೂತಿದ್ದರೋ! ಈ ಲಾರಿಗೆ ನ್ಯಾಷನಲ್ ಪರ್ಮಿಟ್ ಇರಲೇ ಇಲ್ಲ, ಅದು ಶಿವಮೊಗ್ಗ ದಾಟಿದ್ದೇ ಅಪರೂಪ. ಆದರೂ ಹೈವೇಯಲ್ಲಿ ಓಡುವ ಲಾರಿಗಳನ್ನು ಕಂಡು ಆಸೆಪಟ್ಟು ಮಾವ ಬಳಿಸಿದ್ದರಂತೆ.

ಕಂದಿನ ಕೆಳಗೆ ಹಳದಿ. ಅದರ ಕೆಳಗೆ ನೀಲಿ, ಯಾವುದೋ ಬಸ್ಸಿಗೆ ತಂದು ಮಿಕ್ಕ ಡಬ್ಬಿಯದು ಎಂದು ಕ್ಲೀನರ್ ಒಪ್ಪಿಕೊಂಡ. ಮತ್ತೂ ಕೆಳಗೆ ರೆಡ್ ಆಕ್ಸೈಡ್. “ಇದು ಬಣ್ಣ ಅಲ್ಲ, ಪ್ರೈಮರು” ಎಂದು ಮೇಸ್ತ್ರಿ ಭಾವನ ಉತ್ಸಾಹಕ್ಕೆ ಅಲ್ಲೇ ತಡೆ ಹಾಕಿದರು. ಹಳೆಯದನ್ನು ತಗಡಿನ ತನಕ ಕೆರೆದು ಪ್ರೈಮರ್ ಹೊಡೆದ ಪುಣ್ಯಾತ್ಮ ಯಾರೋ, ಹುಟ್ಟುಬಣ್ಣವನ್ನು ಬಾನೆಟ್ಟಿನಿಂದ ಗಡೀಪಾರು ಮಾಡಿದ್ದ. ಬಾನೆಟ್ಟಿನ ಒಳಮಡಿಕೆಯಲ್ಲಿ ದಪ್ಪಗೆ ಅಚ್ಚಕೆಂಪು ಸಿಕ್ಕಾಗ ಮೇಸ್ತ್ರಿಯ ಕೈಯೂ ಒಂದು ಕ್ಷಣ ನಡುಗಿತು. ಭಾವ ಉಗುರಿನಿಂದ ಕೆರೆದು ಮೂಸಿ ನೋಡಿದರು. ಎಷ್ಟೋ ಆಯುಧಪೂಜೆಗಳ ಕುಂಕುಮ, ಎಂಜಿನ್ ಆಯಿಲಿನಲ್ಲಿ ಹದವಾಗಿ ಕಲಸಿ ಕೂತಿತ್ತು.

ಇಂಥ ಹೊತ್ತಿನಲ್ಲಿ ಹೆನ್ರಿ ಫೋರ್ಡನ ಗಿರಾಕಿಗಳ ಮೇಲೆ ಹೊಟ್ಟೆಕಿಚ್ಚಾಗುತ್ತದೆ. 1914ರಿಂದ 1925ರವರೆಗೆ ಮಾಡೆಲ್ ಟಿ ಬರುತ್ತಿದ್ದುದೇ ಕಪ್ಪಿನಲ್ಲಿ. ಆ ಗಿರಾಕಿಗಳ ಮೊಮ್ಮಕ್ಕಳು ಉಜ್ಜುವುದೂ ಬೇಡ, ಮೂಸುವುದೂ ಬೇಡ.

ಮೇಸ್ತ್ರಿ ಇನ್ನೊಂದು ಬಾಂಬು ಹಾಕಿದರು. “ಫ್ಯಾಕ್ಟರಿ ಬಣ್ಣ ಅಂತೀರಲ್ಲ ಸಾರ್, ಯಾವ ಭಾಗದ್ದು?” ಆಗಿನ ಕಾಲದಲ್ಲಿ ಕಂಪನಿ ಕೊಡುತ್ತಿದ್ದುದು ಸಾಮಾನ್ಯವಾಗಿ ಚಾಸಿ ಮತ್ತು ಮುಂದಿನ ಮೂತಿ. ಡ್ರೈವರ್ ಕೂರುವ ಕ್ಯಾಬಿನ್ನು, ಹಿಂದಿನ ತೊಟ್ಟಿ ಎರಡನ್ನೂ ಬಾಡಿ ಕಟ್ಟುವವರು ಮರ-ತಗಡಿನಲ್ಲಿ ಕಟ್ಟಿ ಮಾಲೀಕ ಹೇಳಿದ ಬಣ್ಣ ಬಳಿಯುತ್ತಿದ್ದರು. ಹಾಗಾದರೆ ಈ ಲಾರಿ ಮೂತಿಯ ಮಟ್ಟಿಗೆ ಜಮ್‌ಶೆಡ್‌ಪುರದ್ದು, ಬೆನ್ನಿನ ಮಟ್ಟಿಗೆ ಶಿವಮೊಗ್ಗದ್ದು. ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ “ಮೂತಿಯದ್ದಾದರೂ ಹುಡುಕಿ” ಎಂದರು.

ಬಿಸಿಲು, ಮಳೆ, ಬ್ರಷ್ಷು ಮೂರೂ ತಲುಪದ ಜಾಗದಲ್ಲೇ ಹುಟ್ಟುಬಣ್ಣ ಅಡಗಿರುತ್ತದೆ. ಗಾಜಿನ ರಬ್ಬರ್ ಬೀಡಿಂಗ್ ಅಡಿ, ಡ್ಯಾಶ್‌ಬೋರ್ಡಿನ ಹಿಂದೆ, ಬೋಲ್ಟಿನ ವಾಷರ್ ಕೆಳಗೆ. ಚಾಸಿ ನಂಬರಿನ ಪ್ಲೇಟು ಎಬ್ಬಿಸಿದರೆ ಖಂಡಿತ ಸಿಗುತ್ತಿತ್ತು, ಆದರೆ ಅದರ ರಿವೆಟ್ ಮುಟ್ಟಿದರೆ ಲಾರಿಯ ಕುಲಗೋತ್ರದ ಮೇಲೇ ಸಂಶಯ ಬರುತ್ತದೆಂದು ಭಾವ ಅಡ್ಡ ನಿಂತರು. ಹಾರ್ನಿನ ಕ್ಲ್ಯಾಂಪ್ ಬಿಚ್ಚಿದಾಗ ವಾಷರಿನ ಅಡಿಯಲ್ಲಿ ಹೆಸರುಕಾಳಿನಷ್ಟು ಹೊಳಪು ಕಂಡಿತು. ಮೇಲಿನ ಸುಣ್ಣದಂಥ ಪುಡಿಯನ್ನು ಮೇಸ್ತ್ರಿ ರಬ್ಬಿಂಗ್ ಕಾಂಪೌಂಡಿನಲ್ಲಿ ತಿಕ್ಕಿದರು. ಹಳೆ ಬಣ್ಣ ಮೇಲ್ಮೈಯಲ್ಲಿ ಪುಡಿಯಾಗಿ ಬೆಳ್ಳಗಾಗಿರುತ್ತದೆ, ಅದನ್ನು ತೆಗೆಯದೆ ನೋಡಿದರೆ ಮೋಸ.

ನೀಲಿ ಎಂದರು ಭಾವ. ಹಸಿರು ಎಂದರು ಮೇಸ್ತ್ರಿ. ಅಕ್ಕ ಕಾಫಿ ತಂದವಳು ಬಗ್ಗಿ ನೋಡಿ “ನವಿಲುಗತ್ತು, ಅಷ್ಟೂ ಗೊತ್ತಾಗಲ್ವಾ?” ಎಂದು ಲೋಟ ಇಟ್ಟು ಹೋದಳು. ಬಿಸಿಲಿನಲ್ಲಿ ಒಂದು, ಟ್ಯೂಬ್‌ಲೈಟಿನಲ್ಲಿ ಇನ್ನೊಂದು. ಬೆಳಕಿನಲ್ಲಿ ಇಲ್ಲದ ಬಣ್ಣವನ್ನು ತಗಡು ಎಲ್ಲಿಂದ ತಂದು ತೋರಿಸೀತು? ಪೇಂಟಿನ ಅಂಗಡಿಯಲ್ಲಿ ಭಾರತೀಯ ಮಾನಕದ ಬಣ್ಣದ ಚಾರ್ಟು ಹರವಿ ಕೂತೆವು. ಅದರಲ್ಲಿ ಆಕಾಶನೀಲಿಗೆ 101, ಸಿಗ್ನಲ್ ಕೆಂಪಿಗೆ 537, ಪೋಸ್ಟಾಫೀಸಿನ ಕೆಂಪಿಗೆ 538. ಸಿಗ್ನಲ್ಲಿಗೂ ಪೋಸ್ಟಾಫೀಸಿಗೂ ಒಂದೇ ನಂಬರಿನ ಅಂತರವೆಂಬುದು ನನಗೆ ಬಹಳ ಹಿಡಿಸಿತು. ನವಿಲಿನ ಹೆಸರಿನ ನೀಲಿಯೊಂದು ಅಲ್ಲಿತ್ತು, ಆದರೆ ಅಕ್ಕನ ನವಿಲುಗತ್ತಿಗೆ ಅದು ಹೊಂದಲಿಲ್ಲ. ಬಣ್ಣ ಅಳೆಯುವ ಯಂತ್ರಕ್ಕೆ ಹೆಸರುಕಾಳು ಸಾಲದಾಯಿತು. ಮೇಸ್ತ್ರಿಯೇ ನೀಲಿ, ಹಸಿರು, ಚಿಟಿಕೆ ಕಪ್ಪು ಕಲಸಿ ತಗಡಿನ ಚೂರುಗಳಿಗೆ ಹೊಡೆದು, ಅಂಗಳದ ಬಿಸಿಲಿನಲ್ಲಿಟ್ಟು ಹೊಂದಿಸಿದರು. ಒಪ್ಪಿಗೆ ಕೊಟ್ಟವಳು ಅಕ್ಕ.

ಇನ್ನು ಉಳಿದದ್ದು ಕಾಗದದ ಕೆಲಸ. ಆರ್‌ಸಿಯಲ್ಲಿ ಬಣ್ಣ ‘ಬ್ರೌನ್’ ಎಂದಿತ್ತು, ಬದಲಾದರೆ ಬರೆಸಬೇಕು. ಭಾವ ಅರ್ಜಿಯನ್ನು ಮುತ್ತಿನಂಥ ಅಕ್ಷರದಲ್ಲಿ ತುಂಬಿ, ಕಾರಣ ಎಂಬಲ್ಲಿ ‘ವಾಹನವನ್ನು ಮೂಲ ಬಣ್ಣಕ್ಕೆ ಮರಳಿಸಲಾಗಿದೆ’ ಎಂದು ಬರೆದರು. ಏಜೆಂಟ್ ಓದಿ ಕನ್ನಡಕ ತೆಗೆದ.

“ಮೂಲ ಅಂತ ಬರೆದರೆ ಮೂಲಕ್ಕೆ ದಾಖಲೆ ಕೇಳ್ತಾರೆ ಸಾರ್. ಹೊಸ ಬಣ್ಣ ಅಂತ ಬರೀರಿ, ಯಾರೂ ಏನೂ ಕೇಳಲ್ಲ.”

ಭಾವ ಹೊಸ ಫಾರಂ ತಗೊಂಡರು.