ಗೆರೆ ಸವೆದ ಅಜ್ಜಿ

ಹೋಬಳಿಯೊಂದರ ನಾಡಕಚೇರಿ. ಹೊತ್ತು ಹನ್ನೆರಡೂವರೆ, ಸರ್ವರ್ ಇನ್ನೂ ಎದ್ದಿಲ್ಲ.

"ಮೂರು ತಿಂಗಳಿಂದ ದುಡ್ಡು ಬಂದಿಲ್ಲ ಸ್ವಾಮಿ."

"ಯಾವ ದುಡ್ಡಜ್ಜಿ?"

"ಸಂಧ್ಯಾ ಸುರಕ್ಷಾ."

2007ರಲ್ಲಿ ಯೋಜನೆ ಶುರುವಾದಾಗ 65 ದಾಟಿದ ಬಡವರಿಗೆ ತಿಂಗಳಿಗೆ 400 ರೂಪಾಯಿ ಸಿಗುತ್ತಿತ್ತು; ಆಮೇಲೆ ಅದು 1,200ಕ್ಕೆ ಏರಿತು. ಹಿರಿಯ ನಾಗರಿಕರ ಹೆಸರಿನಲ್ಲೇ ಬೇರೊಂದು ಇಲಾಖೆ ಇದ್ದರೂ ಈ ಪಿಂಚಣಿ ಕೊಡುವುದು ಪಹಣಿ, ಪೋಡಿ ನೋಡಿಕೊಳ್ಳುವ ಕಂದಾಯ ಇಲಾಖೆ. ಮುಪ್ಪೂ ಒಂದು ಸ್ಥಿರಾಸ್ತಿಯೆಂದು ಸರ್ಕಾರ ಭಾವಿಸಿರಬೇಕು!

"ಹೆಬ್ಬೆಟ್ಟು ಒತ್ತಿ."

ಯಂತ್ರ ಒಪ್ಪಲಿಲ್ಲ.

"ಐವತ್ತು ವರ್ಷ ಕಳೆ ಕಿತ್ತ ಕೈ ಸ್ವಾಮಿ. ಗೆರೆ ಎಲ್ಲಿ ಉಳೀತದೆ?"

"ಗೆರೆ ಇಲ್ಲ ಅಂದ್ರೆ, ನೀವು ನೀವೇ ಅಂತ ಏನು ಗ್ಯಾರಂಟಿ?"

"ಗ್ಯಾರಂಟಿ ನನಗಿಲ್ಲಪ್ಪ. ರೇಷನ್ ಕಾರ್ಡಲ್ಲಿ ಸೊಸೆ ಯಜಮಾನಿ. ಗ್ಯಾರಂಟಿ ಯೋಜನೆಯ ಆ 2,000 ಅವಳಿಗೇ."

"ಅದು ಮಹಿಳಾ ಮತ್ತು ಮಕ್ಕಳ ಇಲಾಖೇದು, ಇಲ್ಲಿ ಕೇಳಬೇಡಿ. ನೀವು ಬ್ಯಾಂಕಿಗೆ ಹೋಗಿ, ಆಧಾರ್ ಜೋಡಣೆ ಮಾಡಿಸಿ."

"ಬ್ಯಾಂಕಿನೋರೇ ಇಲ್ಲಿಗೆ ಕಳಿಸಿದ್ದು."

ಗುಮಾಸ್ತರು ಫ್ಯಾನ್ ನೋಡಿದರು. "ಜೀವಂತ ಇದ್ದೀರಿ ಅಂತ ಒಂದು ಅರ್ಜಿ ಬರೆದುಕೊಡಿ."

"ಎದುರಿಗೇ ನಿಂತಿದ್ದೀನಲ್ಲ!"

"ನನಗೆ ಕಾಣ್ತೀರಿ. ಕಂಪ್ಯೂಟರಿಗೆ ಕಾಣಬೇಕಲ್ಲ?"

ಅಷ್ಟರಲ್ಲಿ ಸರ್ವರ್ ಎದ್ದಿತು. ಗುಮಾಸ್ತರೂ ಎದ್ದರು, ಊಟಕ್ಕೆ.