ಕೈ ಮುಂದೆ, ಕಾಲು ಹಿಂದೆ

ಟೇಬಲ್ ಟೆನಿಸ್ ಆಡುವವರಲ್ಲಿ ಸ್ಮ್ಯಾಶ್ ಹೊಡೆಯಲು ಬಾರದವರು ಯಾರಿದ್ದಾರೆ ಹೇಳಿ? ಆಫೀಸಿನ ಊಟದ ಬಿಡುವಿನಲ್ಲಿ ಆಡುವವರಿರಲಿ, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ವಾಚ್‌ಮನ್ ಬಂದು ದೀಪ ಆರಿಸುವವರೆಗೂ ಆಡುವವರಿರಲಿ, ಎಲ್ಲರ ಹತ್ತಿರವೂ ಗೋಡೆ ಬಿರಿಯುವಂಥ ಒಂದು ಸ್ಮ್ಯಾಶ್ ಇದ್ದೇ ಇರುತ್ತದೆ. ಚೆಂಡು ಎದೆಯೆತ್ತರಕ್ಕೆ, ಕೈಗೆ ಸಿಗುವಷ್ಟು ದೂರದಲ್ಲಿ, ಸ್ವಲ್ಪ ನಿಧಾನವಾಗಿ, ಮುಂಚೆಯೇ ಹೇಳಿ ಕಳಿಸಿದ ಹಾಗೆ ಬಂದರೆ ಇವರನ್ನು ತಡೆಯುವವರಿಲ್ಲ. ತೊಂದರೆ ಇಷ್ಟೇ: ಎದುರಿನವನು ಹಾಗೆ ಕಳಿಸುವುದಿಲ್ಲ. ನೆಟ್ಟಿನ ಮಗ್ಗುಲಲ್ಲೇ ಬಿದ್ದು, ಮುಟ್ಟದೆ ಬಿಟ್ಟರೆ ಮೇಜಿನ ಮೇಲೇ ಎರಡನೇ ಸಲ ಪುಟಿಯುವಂಥ ಒಂದು ಶಾರ್ಟ್ ಸರ್ವ್ ಹಾಕಿ, ಏನೂ ಅರಿಯದವನ ಹಾಗೆ ನಿಂತುಬಿಡುತ್ತಾನೆ.

ಆಗ ನೋಡಬೇಕು ನಮ್ಮ ಶೂರರ ಭಂಗಿ! ಕಾಲು ನಿಂತಲ್ಲೇ ಬೇರುಬಿಟ್ಟಿರುತ್ತದೆ. ಸೊಂಟ ಬಾಗುತ್ತದೆ, ಕತ್ತು ಉದ್ದವಾಗುತ್ತದೆ, ಕೈ ನೆಟ್ಟಿನ ಕಡೆ ಚಾಚುತ್ತದೆ. ಚೆಂಡು ಒಂದೋ ನೆಟ್ಟಿಗೆ, ಇಲ್ಲವೋ ಎದುರಾಳಿಗೆ ಬೇಕಾದ ಎತ್ತರಕ್ಕೆ. ಪಾಯಿಂಟ್ ಹೋದ ಮೇಲೆ ಎಲ್ಲರೂ ತಪ್ಪದೆ ಮಾಡುವ ಕೆಲಸ ಒಂದಿದೆ: ಬ್ಯಾಟನ್ನು ತಿರುಗಿಸಿ ನೋಡುವುದು. ಅಂಗೈಯಿಂದ ಒರೆಸಿ, ಬಾಯಿಂದ ಊದಿ, "ರಬ್ಬರ್ ಹಳತಾಯ್ತು ಕಣ್ರೀ, ಹಿಡಿತಾನೇ ಇಲ್ಲ" ಅನ್ನುವುದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ಕುಣಿಯಲು ಎದ್ದು ನಿಂತಿದ್ದಳು. ಇವರು ಹೆಜ್ಜೆಯನ್ನೇ ಎತ್ತಿಲ್ಲ.

ಲೆಕ್ಕ ಸರಳ. ಮೇಜಿನ ಉದ್ದ 2.74 ಮೀಟರ್; ನಿಮ್ಮ ಪಾಲಿನ ಅರ್ಧ 1.37 ಮೀಟರ್. ಮೇಜಿನ ಹಿಂದೆ ನಿಂತವರ ಕೈ ಎಷ್ಟೇ ಉದ್ದವಿದ್ದರೂ ನೆಟ್ಟಿನ ಬುಡಕ್ಕೆ ಎಟಕಬೇಕಾದರೆ ಪೂರ್ತಿ ನೀಳಬೇಕು. ನೀಳಿದ ಕೈಯಲ್ಲಿ ಮೊಣಕೈ ಮಡಿಚುವುದಿಲ್ಲ, ಮಣಿಕಟ್ಟು ಆಡುವುದಿಲ್ಲ. ಇವೆರಡೂ ಇಲ್ಲದ ಮೇಲೆ ಸಾವಿರಾರು ರೂಪಾಯಿಯ ರಬ್ಬರ್ ತಾನೇ ಏನು ಮಾಡೀತು? ಆದ್ದರಿಂದ ಬಲಗೈ ಆಟಗಾರ ಬಲಗಾಲನ್ನು ಮೇಜಿನ ಕೆಳಗೆ ಇಟ್ಟು ಬ್ಯಾಕ್‌ಹ್ಯಾಂಡ್ ಆಡಬೇಕು. "ಬ್ಯಾಕ್‌ಹ್ಯಾಂಡಿಗೆ ಎಡಗಾಲಲ್ಲವೇ?" ಎಂದು ವಾದ ಹೂಡುವವರಿದ್ದಾರೆ. ಸಾಮಾನ್ಯವಾಗಿ ಅಲ್ಲ ಸ್ವಾಮೀ. ಬ್ಯಾಟ್ ಹಿಡಿದ ಕೈಯ ಕಡೆಯ ಕಾಲು ಒಳಗೆ ಹೋದರೆ ಭುಜವೂ ಜೊತೆಗೆ ಹೋಗುತ್ತದೆ, ಮುಖ ಚೆಂಡಿನ ಹತ್ತಿರ ಬರುತ್ತದೆ, ಕೈ ಮಡಿಚಿಕೊಂಡೇ ಇರುತ್ತದೆ.

"ಒಳಗೆ ಹೋದರೆ ಹೊಟ್ಟೆ ಮೇಜಿಗೆ ತಗಲುತ್ತಲ್ಲ?" ಎಂಬ ಚಿಂತೆಯೂ ಕೆಲವರಿಗುಂಟು. ನಿಯಮ ಹೊಟ್ಟೆಯವರ ಪರವಾಗಿಯೇ ಇದೆ. ಖಾಲಿ ಕೈ ಆಟದ ಮೇಲ್ಮೈಗೆ ತಗಲಿದರೆ ಪಾಯಿಂಟ್ ಹೋಗುತ್ತದೆ. ಹೊಟ್ಟೆ ತಗಲಿದರೆ ಹೋಗುವುದಿಲ್ಲ. ಆದರೆ ಹೊಟ್ಟೆಯ ಭರಕ್ಕೆ ಮೇಜೇ ಸರಿದರೆ ಮಾತ್ರ ಅಂಪೈರ್ ಸುಮ್ಮನಿರುವುದಿಲ್ಲ.

ಇನ್ನು ಬ್ಯಾಕ್‌ಹ್ಯಾಂಡೇ ಯಾಕೆ? ಫೋರ್‌ಹ್ಯಾಂಡ್ ಬೀಸಲು ಕೈ ಹಿಂದಕ್ಕೆ ಹೋಗಬೇಕು. ಚೆಂಡು ಮೇಜಿನ ಮೇಲಿರುವಾಗ ಆ ಜಾಗದಲ್ಲಿ ಮೇಜೇ ಅಡ್ಡ. ಬ್ಯಾಕ್‌ಹ್ಯಾಂಡಿಗೆ ಅಂಥ ಅಂಗಳ ಬೇಕಿಲ್ಲ. ಮೊಣಕೈ ಎತ್ತಿ ಮುಂದೆ ತಂದು, ಬ್ಯಾಟಿನ ತುದಿ ನಿಮ್ಮ ಹೊಟ್ಟೆಯ ಕಡೆ ನೋಡುವಷ್ಟು ಮಣಿಕಟ್ಟನ್ನು ಒಳಕ್ಕೆ ಸುತ್ತಿ, ಚೆಂಡು ಪುಟಿದು ತುದಿಗೇರಿದಾಗ ಅದರ ಹಿಂಬದಿ ಮತ್ತು ಪಕ್ಕವನ್ನು ಸವರಿ ಬಿಚ್ಚಿದರಾಯಿತು. ಹೊಡೆದರೆ ಬ್ಯಾಕ್‌ಸ್ಪಿನ್ ಚೆಂಡು ನೆಟ್ಟಿಗೆ ಇಳಿಯುತ್ತದೆ. ಸವರಿದರೆ ಎದ್ದು ಬಾಗಿ ಹೋಗುತ್ತದೆ. ಆಟಗಾರರ ಬಾಯಲ್ಲಿ ಇದು ಬನಾನಾ ಫ್ಲಿಕ್. ಜೆಕ್ ಆಟಗಾರ ಪೆಟ್ರ್ ಕೊರ್ಬೆಲ್ ಹೆಸರಿಗೆ ಅಂಟಿಕೊಂಡ ಈ ಹೊಡೆತವನ್ನು ಹುಡುಗರೆಲ್ಲ ಕಲಿಯುವಂತೆ ಮಾಡಿದವನು ಚೀನಾದ ಜಾಂಗ್ ಜಿಕೆ. 2011 ಮತ್ತು 2013ರ ವಿಶ್ವ ಚಾಂಪಿಯನ್, 2012ರ ಲಂಡನ್ ಒಲಿಂಪಿಕ್ಸ್ ಚಿನ್ನದ ಒಡೆಯ. ಫೋರ್‌ಹ್ಯಾಂಡ್ ಕಡೆ ಬಿದ್ದ ಶಾರ್ಟ್ ಚೆಂಡಿಗೂ ಅವನು ನುಗ್ಗಿ ಬ್ಯಾಕ್‌ಹ್ಯಾಂಡನ್ನೇ ಆಡುತ್ತಿದ್ದ.

ಇದನ್ನು ಮೊಬೈಲಿನಲ್ಲಿ ನೋಡಿದ ನಮ್ಮವರು ಮಣಿಕಟ್ಟಿನ ಭಾಗವನ್ನು ಮಾತ್ರ ಕಲಿತರು. ಲಿಫ್ಟಿನಲ್ಲಿ, ಸಿಗ್ನಲ್ಲಿನಲ್ಲಿ, ಮೀಟಿಂಗಿನ ಮೇಜಿನ ಕೆಳಗೆ ಮಣಿಕಟ್ಟು ತಿರುವುತ್ತಲೇ ಇರುತ್ತಾರೆ. ಜಾಂಗ್ ಜಿಕೆಯ ಕಾಲನ್ನು ನೋಡಿದವರು ಕಡಿಮೆ. ಹೋದಷ್ಟೇ ವೇಗದಲ್ಲಿ ಅವನ ಕಾಲು ವಾಪಸಾಗುತ್ತಿತ್ತು. ಫೋರ್‌ಹ್ಯಾಂಡ್ ಮೂಲೆಗೆ ಹೋಗಿ ಬ್ಯಾಕ್‌ಹ್ಯಾಂಡ್ ಆಡಿದವನ ಎಡಬದಿ ಪೂರ್ತಿ ಬಯಲು. ಜಾಣ ಎದುರಾಳಿ ಮುಂದಿನ ಚೆಂಡನ್ನು ಅಲ್ಲಿಗೇ ತಳ್ಳುತ್ತಾನೆ. ನಮ್ಮವರು ಫ್ಲಿಕ್ ಮಾಡಿ, ಅದು ಬಿದ್ದದ್ದೇ ಮಹದಾನಂದವಾಗಿ ಮೇಜಿನ ಮೇಲೆ ಬಾಗಿಕೊಂಡೇ ಮೆಚ್ಚಿಕೊಳ್ಳುತ್ತಿರುವಾಗ ಚೆಂಡು ಕಿವಿಯ ಪಕ್ಕದಲ್ಲಿ ಹಾದುಹೋಗಿರುತ್ತದೆ. ಕೋಚಿಂಗಿಗೆ ಹೋಗುವ ಮೂರಡಿ ಹುಡುಗಿ ಎದುರಿನಿಂದ ಕೂಗುತ್ತಾಳೆ: "ಅಂಕಲ್, ಕಾಲು! ಹಿಂದೆ ಬನ್ನಿ ಅಂಕಲ್!" ಅಂಕಲ್ ಮತ್ತೆ ಬ್ಯಾಟ್ ನೋಡಿಕೊಳ್ಳುತ್ತಾರೆ.

ಎಲ್ಲ ಶಾರ್ಟ್ ಚೆಂಡಿಗೂ ಫ್ಲಿಕ್ಕೇ ಆಗಬೇಕೆಂದೇನೂ ಇಲ್ಲ. ಪುಟಿದ ತಕ್ಷಣ, ಹಿಡಿತ ಸಡಿಲಿಸಿ, ಮೆಲ್ಲಗೆ ಮುಟ್ಟಿ ನೆಟ್ಟಿನ ಆಚೆಗೇ ಬೀಳಿಸುವ ಪುಶ್ ಇದೆ. ಎದುರಿನವರಿಗೂ ಸ್ವಲ್ಪ ಬಾಗಿ ನೋಡುವ ಯೋಗ ಬರಲಿ. ಆದರೆ ಅದಕ್ಕೂ ಅದೇ ಬಲಗಾಲು, ಅದೇ ಹೆಜ್ಜೆ. ಚೆಂಡು ಶಾರ್ಟೋ ಲಾಂಗೋ ತಿಳಿಯುವ ಮೊದಲೇ ನುಗ್ಗಿದರೂ ಕಷ್ಟ. ಉದ್ದದ ಸರ್ವ್ ಬಂದು ಹೊಟ್ಟೆಗೇ ಬಡಿಯುತ್ತದೆ.

ರಬ್ಬರ್ ಪಕ್ಷದವರ ಕೊನೆಯ ಅಸ್ತ್ರ ಭಾರತದ ಆಟಗಾರ್ತಿ ಮಣಿಕಾ ಬಾತ್ರಾ. "ಅವರು ಬ್ಯಾಕ್‌ಹ್ಯಾಂಡಿಗೆ ಉದ್ದ ಪಿಂಪಲ್ ರಬ್ಬರ್ ಹಾಕಿಕೊಂಡೇ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಚಿನ್ನ ಗೆಲ್ಲಲಿಲ್ಲವೇ?" ಗೆದ್ದರು, ನಿಜ. ಆ ರಬ್ಬರ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಹಿಂದಿನ ಅಭ್ಯಾಸ ಸಿಗುವುದಿಲ್ಲ.

ಆದ್ದರಿಂದ ಮುಂದಿನ ಸಲ ಹೊಸ ರಬ್ಬರಿಗೆ ಆರ್ಡರ್ ಹಾಕುವ ಮುನ್ನ ಬ್ಯಾಟನ್ನು ಪಕ್ಕಕ್ಕಿಟ್ಟು, ಬಲಗಾಲಿನ ಬೂಟನ್ನು ತಿರುಗಿಸಿ ನೋಡಿ. ಅದರ ಅಟ್ಟೆ ಸವೆದಿದ್ದರೆ ಧಾರಾಳವಾಗಿ ಕೊಳ್ಳಿ. ಸವೆದಿಲ್ಲದಿದ್ದರೆ ದುಡ್ಡು ಉಳಿಸಿ, ಹೆಜ್ಜೆ ಹಾಕಿ.